ಗುಪ್ತರೋಗ ಅಂತ ಮುಚ್ಚಿಡಬೇಡಿ
ಹೊನ್ನಾಳಿಯ ಅಣ್ಣಂದಿರೇ, ಗೋಡೆ ಮೇಲಿನ ‘ಗುಪ್ತರೋಗ’ ಪೋಸ್ಟರ್ ನಂಬರ್‌ಗೆ ಫೋನ್ ಮಾಡೋ ಮುಂಚೆ ಇದನ್ನ ಕೇಳಿ.

ಒಂದೆರಡು ಸಲ ಶಿಶ್ನ ನಿಮಿರಲಿಲ್ಲ ಅಂದ್ರೆ ಕಾಯಿಲೆ ಅಲ್ಲ. ಸುಸ್ತು, ಕುಡಿತ, ಸಾಲದ ಚಿಂತೆಗೂ ಹಾಗಾಗುತ್ತೆ.

ಆದ್ರೆ ನಿಮಿರೋದೇ ಕಷ್ಟ, ನಿಮಿರಿದ್ರೂ ಮಧ್ಯದಲ್ಲೇ ಸಡಿಲ, ಹೀಗೇ 3 ತಿಂಗಳಾಯ್ತಾ? ಡಾಕ್ಟರ್‌ಗೆ ತೋರಿಸಿ.

ಬೆಳಗ್ಗೆ ಏಳುವಾಗ ಮಾಮೂಲಿಯಂತೆ ನಿಮಿರುತ್ತಾ? ಕಾರಣ ಹೆಚ್ಚಾಗಿ ಮನಸ್ಸಿನ ಒತ್ತಡ. ಅದೂ ಇಲ್ವಾ? ಶುಗರ್, ಬಿಪಿ ಚೆಕ್ ಮಾಡಿಸಿ.

ಶಿಶ್ನದ ರಕ್ತನಾಳದ ಅಗಲ 1–2 ಮಿಲಿಮೀಟರ್, ಹೃದಯದ ರಕ್ತನಾಳದ್ದು 3–4. ಸಣ್ಣದು ಮೊದಲು ಕಟ್ಟಿಕೊಳ್ಳುತ್ತೆ. ಅಂದ್ರೆ ನಿಮಿರದೇ ಇರೋದು ಹೃದಯದ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು.

ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳೋರು ನಿಮಿರೋಕೆ ಅಂತ ಕೊಡೋ ವಯಾಗ್ರಾ ಮಾತ್ರೆ ಮುಟ್ಟಲೇಬೇಡಿ, ಬಿಪಿ ಕುಸಿದು ಜೀವಕ್ಕೇ ಅಪಾಯ.

ಮೊದಲ ತಪಾಸಣೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಿ.