ನಿಂತಲ್ಲೇ ಮುಪ್ಪಾಗುವ ಟೈರು

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈರುತ್ಯದಲ್ಲಿರುವ ಅರಿಜೋನ ಪ್ರಾಂತವು ಬಹುಮಟ್ಟಿಗೆ ಮರುಭೂಮಿ. ಹಿಮ ಬೀಳುವ ಉತ್ತರದ ಸೀಮೆಗಳಿಂದ ಸಾವಿರಾರು ಜನರು, ಅದರಲ್ಲಿಯೂ ಉದ್ಯೋಗದಿಂದ ನಿವೃತ್ತರಾದವರು, ಚಳಿಗಾಲವನ್ನು ಕಳೆಯಲು ಇಲ್ಲಿಗೆ ಬರುವುದು ವಾಡಿಕೆ. ಇವರಲ್ಲಿ ಹಲವರು ಮನೆಯನ್ನೂ ತಮ್ಮೊಡನೆ ತರುತ್ತಾರೆ. ಮಂಚ, ಒಲೆ, ನೀರಿನ ತೊಟ್ಟಿಗಳೆಲ್ಲವನ್ನೂ ಒಳಗೊಂಡ ಈ ಗಾಲಿಮನೆಗೆ ಸ್ವಂತ ಎಂಜಿನು ಇಲ್ಲ. ಕಾರಿನ ಅಥವಾ ಸಣ್ಣ ಲಾರಿಯ ಹಿಂದೆ ಕೊಂಡಿ ಹಾಕಿ ಎಳೆದೊಯ್ಯಬೇಕು. ಇದಕ್ಕೆ ಪ್ರವಾಸದ ಟ್ರೈಲರ್ ಎಂದು ಹೆಸರು. ಬೇಸಗೆ ಮೊದಲಾಗುತ್ತಲೇ ಕೆಲವರು ಟ್ರೈಲರನ್ನು ಅಲ್ಲಿಯೇ ಬಾಡಿಗೆಯ ಬಯಲಿನಲ್ಲಿ ನಿಲ್ಲಿಸಿ ಊರಿಗೆ ಹಿಂದಿರುಗುತ್ತಾರೆ. ನೆರಳಿನಲ್ಲಿಯೇ ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವ ಸೆಕೆಯಲ್ಲಿ ಆ ಮನೆ ತಿಂಗಳುಗಟ್ಟಲೆ ಮಿಸುಕದೆ ನಿಂತಿರುತ್ತದೆ.

ಮತ್ತೆ ಹೊರಡುವ ದಿನ ಒಡೆಯನು ಟೈರುಗಳನ್ನು ನೋಡುತ್ತಾನೆ. ನೆಲವನ್ನು ಮುಟ್ಟುವ ಪಟ್ಟೆಯ ಗೀರುಗಳು ಇನ್ನೂ ಆಳವಾಗಿಯೇ ಇವೆ. ಹೆಚ್ಚು ಓಡಿದ್ದರೆ ತಾನೆ ಅವು ಸವೆಯುವುದು? ಸಮಾಧಾನದಿಂದ ಹೊರಡುತ್ತಾನೆ. ಹೆದ್ದಾರಿಯಲ್ಲಿ ವೇಗವೇರಿದ ಮೇಲೆ ಒಂದು ಟೈರು ಸಿಡಿಯುತ್ತದೆ. ಸಿಡಿದ ರಬ್ಬರಿನ ಪಟ್ಟಿ ಗಾಲಿಯೊಡನೆ ಸುತ್ತುತ್ತ ಟ್ರೈಲರಿನ ತಳವನ್ನೂ ಅಲ್ಲಿ ಹಾಯ್ದಿರುವ ತಂತಿಕೊಳವೆಗಳನ್ನೂ ಚಾವಟಿಯಂತೆ ಬಡಿದು ಹರಿಯುತ್ತದೆ. ಎಳೆಯುವ ವಾಹನವೇ ಹತೋಟಿ ತಪ್ಪುವುದೂ ಉಂಟು. ಸವೆಯದ ಟೈರು ಸಿಡಿದುದೇಕೆ? ನಿಂತಲ್ಲೇ ನಿಂತಿದ್ದ ವಸ್ತುವಿಗೆ ಮುಪ್ಪು ಬಂದುದು ಹೇಗೆ?

ಬಿಸಿಲೇ ಕಾರಣವೆಂದು ಯಾರಾದರೂ ಹೇಳುವರು. ಈ ಮಾತು ಸುಳ್ಳಲ್ಲ. ಆದರೆ ಬಿಸಿಲು ಮಾಡುವ ಕೆಲಸ ಒಂದಲ್ಲ, ಮೂರು. ಅವನ್ನು ಬೇರೆ ಬೇರೆಯಾಗಿ ತಿಳಿದರೆ ಮಾತ್ರ ಟೈರಿಗೆ ಹೊದಿಸುವ ಮುಸುಕು ಯಾವುದನ್ನು ತಡೆಯಬಲ್ಲುದು, ಯಾವುದನ್ನು ತಡೆಯಲಾರದು ಎಂಬುದು ಸ್ಪಷ್ಟವಾಗುವುದು.

ರಬ್ಬರಿನ ಅಣುವು ಬಹು ಉದ್ದವಾದ ಸರಪಳಿ. ಇಂಗಾಲದ ಪರಮಾಣುಗಳು ಒಂದರ ಕೈಯನ್ನೊಂದು ಹಿಡಿದು ಸಾವಿರಗಟ್ಟಲೆಯಾಗಿ ಸಾಲುಗೊಂಡಿರುತ್ತವೆ. ೧೮೩೯ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ಕಂಡುಕೊಂಡಂತೆ, ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಈ ಸರಪಳಿಗಳ ನಡುವೆ ಅಲ್ಲಲ್ಲಿ ಗಂಟು ಬೀಳುತ್ತದೆ. ಮೆತ್ತಗಿದ್ದುದು ಗಟ್ಟಿಯಾಗಿಯೂ ಪುಟಿಯುವಂಥದಾಗಿಯೂ ಮಾರ್ಪಡುತ್ತದೆ. ಆದರೆ ಸರಪಳಿಯ ಕೆಲವು ಕೊಂಡಿಗಳಲ್ಲಿ ಇಂಗಾಲದ ಎರಡು ಪರಮಾಣುಗಳು ಎರಡೆರಡು ಕೈಗಳಿಂದ ಹಿಡಿದುಕೊಂಡಿರುತ್ತವೆ. ರಸಾಯನಶಾಸ್ತ್ರಜ್ಞರು ಇದನ್ನು ದ್ವಿಬಂಧವೆನ್ನುವರು. ಎರಡು ಕೈಗಳ ಹಿಡಿತ ಹೆಚ್ಚು ಭದ್ರವೆಂದು ನಮಗೆ ತೋರುವುದು ಸಹಜ. ಆದರೆ ಹೊರಗಿನ ಧಾತುಗಳು ಬಂದು ಸೇರಿಕೊಳ್ಳುವುದಕ್ಕೆ ಅನುಕೂಲವಾದ ಸ್ಥಳವೂ ಅದೇ.

ಬಿಸಿಲಿನ ಮೊದಲನೆಯ ಕೆಲಸ ನೇರವಾದುದು. ಅದರಲ್ಲಿರುವ ಅತಿನೇರಳೆ ಕಿರಣಗಳು ಅಣುಬಂಧಗಳನ್ನು ಕಡಿಯುವಷ್ಟು ಶಕ್ತಿಯುಳ್ಳವು. ಕಡಿದ ತುದಿಗಳಿಗೆ ಗಾಳಿಯ ಆಮ್ಲಜನಕವು ಅಂಟಿಕೊಂಡು ರಬ್ಬರಿನ ತೊಗಲು ಪೆಡಸಾಗುತ್ತದೆ. ಬತ್ತಿದ ಕೆರೆಯ ತಳದಂತೆ ದಿಕ್ಕುದಿಸೆಯಿಲ್ಲದ ನವುರಾದ ಬಿರುಕುಗಳು ಮೂಡುತ್ತವೆ. ಈ ಪೆಟ್ಟನ್ನು ತಡೆಯುವ ಕವಚವು ಟೈರಿನೊಳಗೇ ಇದೆ. ಟೈರು ಕಪ್ಪಗಿರುವುದು ರಬ್ಬರಿನ ಗುಣದಿಂದಲ್ಲ. ಅದರಲ್ಲಿ ಬೆರೆಸಿರುವ, ದೀಪದ ಮಸಿಯನ್ನು ಹೋಲುವ, ಇಂಗಾಲದ ನುಣುಪಾದ ಪುಡಿಯಿಂದ. ಈ ಪುಡಿಯು ರಬ್ಬರಿಗೆ ಬಲವನ್ನು ಕೊಡುವುದಲ್ಲದೆ ಅತಿನೇರಳೆ ಕಿರಣಗಳನ್ನು ಮೇಲ್ಮೈಯಲ್ಲಿಯೇ ಹೀರಿಬಿಡುತ್ತದೆ. ಆದಕಾರಣ ಬೆಳಕಿನಿಂದ ಆಗುವ ಹಾನಿ ಕಪ್ಪು ಟೈರಿನಲ್ಲಿ ಆಳಕ್ಕಿಳಿಯಲಾರದು.

ಎರಡನೆಯ ಕೆಲಸ ಬಿಸಿಲು ಗಾಳಿಯ ಮೂಲಕ ಮಾಡುವಂಥದು. ಮೋಟಾರುಗಳು ಉಗುಳುವ ಸಾರಜನಕದ ಆಕ್ಸೈಡುಗಳೂ ಪೆಟ್ರೋಲಿನ ಆವಿಯೂ ಬಿಸಿಲಿನಲ್ಲಿ ಬೆರೆತಾಗ ಓಜೋನ್ ಹುಟ್ಟುತ್ತದೆ. ಇದು ಮೂರು ಪರಮಾಣುಗಳುಳ್ಳ ಆಮ್ಲಜನಕ. ನಾವು ಉಸಿರಾಡುವ ಗಾಳಿಯಲ್ಲಿ ಇದರ ಪ್ರಮಾಣ ಹತ್ತು ಕೋಟಿ ಪಾಲಿಗೆ ಕೆಲವೇ ಪಾಲು. ಇಷ್ಟರಿಂದ ಏನಾದೀತೆಂದು ಅಲಕ್ಷ್ಯ ಮಾಡುವಂತಿಲ್ಲ. ದ್ವಿಬಂಧವು ಎದುರಾದೊಡನೆ ಓಜೋನ್ ಅದನ್ನು ಸೀಳಿ ಸರಪಳಿಯನ್ನು ಎರಡಾಗಿಸುತ್ತದೆ. ಲಾಸ್ ಏಂಜಲೀಸ್ ಪಟ್ಟಣವನ್ನು ಹೊಗೆಮಂಜು ಕವಿಯತೊಡಗಿದ ದಿನಗಳಲ್ಲಿ ಅಲ್ಲಿ ರಬ್ಬರಿನ ಸಾಮಾನುಗಳು ಬೇರೆಡೆಗಿಂತ ಬೇಗ ಬಿರಿಯುತ್ತಿದ್ದುದು ಕಂಡುಬಂದಿತ್ತು. ಅನಾನಸ್ ಹಣ್ಣಿನ ಪರಿಮಳವನ್ನು ಕುರಿತು ಸಂಶೋಧನೆ ನಡೆಸಿದ್ದ ಹಾಗೆನ್‌ಸ್ಮಿಟ್ ಎಂಬ ವಿಜ್ಞಾನಿಯು ೧೯೫೦ರ ಸುಮಾರಿಗೆ ಈ ಹೊಗೆಮಂಜಿನಲ್ಲಿ ಓಜೋನ್ ಇರುವುದನ್ನು ತೋರಿಸಿಕೊಟ್ಟನು. ಅವನು ಬಳಸಿದ ಒಂದು ಉಪಕರಣ ಬಹು ಸರಳವಾದುದು: ಬಗ್ಗಿಸಿ ಹಿಡಿದ ರಬ್ಬರಿನ ತುಂಡು. ಅದು ಬಿರಿಯಲು ತೆಗೆದುಕೊಳ್ಳುವ ಕಾಲವೇ ಗಾಳಿಯಲ್ಲಿನ ಓಜೋನಿಗೆ ಅಳತೆ.

ರಬ್ಬರನ್ನು ಬಗ್ಗಿಸಿದುದೇಕೆಂದು ವಾಚಕರು ಕೇಳಬಹುದು. ಈ ವಿಷಯದ ತಿರುಳು ಇರುವುದೇ ಇಲ್ಲಿ. ಎಳೆತವಿಲ್ಲದ ರಬ್ಬರನ್ನು ಓಜೋನ್ ಮುಟ್ಟಿದರೆ ಮೇಲಿನ ತೆಳುಪೊರೆಯಷ್ಟೇ ಕೆಟ್ಟು, ಆ ಕೆಟ್ಟ ಪೊರೆಯೇ ಒಳಗಿನದಕ್ಕೆ ಮರೆಯಾಗಿ ನಿಲ್ಲುತ್ತದೆ. ಎಳೆತವಿದ್ದರೆ ಹಾಗಲ್ಲ. ಕಡಿದ ಸರಪಳಿಗಳ ತುದಿಗಳು ದೂರ ಸರಿದು ಸಂದು ಬಾಯಿ ತೆರೆಯುತ್ತದೆ. ಒಳಗಿನ ಹೊಸ ರಬ್ಬರು ಓಜೋನಿಗೆ ಸಿಕ್ಕುತ್ತದೆ. ಬಿರುಕು ಇನ್ನೂ ಆಳಕ್ಕಿಳಿಯುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಕಟ್ಟಿನಿಂದ ಮೂರು ರಬ್ಬರ್ ಬ್ಯಾಂಡುಗಳನ್ನು ತೆಗೆದುಕೊಂಡು, ಒಂದನ್ನು ರಟ್ಟಿನ ತುಂಡಿಗೆ ಬಿಗಿಯಾಗಿ ಸುತ್ತಿ ಮಾಳಿಗೆಯ ಮೇಲಿಡಿ. ಎರಡನೆಯದನ್ನು ಅದರ ಪಕ್ಕದಲ್ಲಿ ಸಡಿಲವಾಗಿ ಬಿಡಿ. ಮೂರನೆಯದನ್ನು ಬಿಗಿಯಾಗಿ ಸುತ್ತಿ ಮುಚ್ಚಿದ ಡಬ್ಬಿಯಲ್ಲಿಡಿ. ಕೆಲವು ದಿನಗಳ ಬಳಿಕ ಭೂತಗನ್ನಡಿಯಿಂದ ನೋಡಿದರೆ ಮೊದಲನೆಯದರಲ್ಲಿ ಎಳೆತಕ್ಕೆ ಅಡ್ಡಲಾಗಿ ಸಾಲುಬಿರುಕುಗಳು ಕಾಣುವುವು. ಅದು ತುಂಡಾಗಿಯೇ ಹೋಗಿದ್ದರೆ ಅಚ್ಚರಿಯಿಲ್ಲ.

ನಿಂತ ಟ್ರೈಲರಿನ ಟೈರಿಗೆ ಒದಗುವುದು ಈ ಮೊದಲನೆಯ ಬ್ಯಾಂಡಿನ ಅವಸ್ಥೆ. ಕಾರು ನಿಂತಾಗ ಅದರೊಳಗಿನ ಜನರು ಇಳಿದುಹೋಗಿರುತ್ತಾರೆ. ಟ್ರೈಲರಿನ ಸಂಸಾರವೋ ನಿಂತಾಗಲೂ ಒಳಗೇ ಇರುತ್ತದೆ. ಅನೇಕ ಟ್ರೈಲರುಗಳ ಟೈರುಗಳು ತಾಳಬಲ್ಲ ಭಾರದ ಮಿತಿಯ ಸಮೀಪದಲ್ಲಿಯೇ ಸದಾ ಇರುತ್ತವೆ. ಭಾರದಿಂದ ನೆಲದ ಬಳಿ ಟೈರಿನ ಪಕ್ಕೆ ಉಬ್ಬುತ್ತದೆ. ಉರುಳುವ ಗಾಲಿಯಲ್ಲಿ ಈ ಉಬ್ಬು ಸುತ್ತಲೂ ಹಂಚಿಹೋಗುವುದು. ನಿಂತ ಗಾಲಿಯಲ್ಲಿ ಒಂದೇ ಸ್ಥಳವು ಹಗಲಿರುಳೂ ಎಳೆತದಲ್ಲಿರುವುದು.

ಬಿಸಿಲಿನ ಮೂರನೆಯ ಕೆಲಸ ಕಾವು. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದುದು ಇದಕ್ಕೆ. ಏಕೆಂದರೆ ಇದು ಕಣ್ಣಿಗೆ ಬೀಳುವುದಿಲ್ಲ. ಟ್ರೈಲರಿನ ಟೈರಿನಲ್ಲಿ ಗಾಳಿಯನ್ನು ಹೊರಗಿನದರ ಐದಾರು ಮಡಿ ಒತ್ತಡದಲ್ಲಿ ತುಂಬಿರುತ್ತಾರೆ. ಅದರಲ್ಲಿರುವ ಆಮ್ಲಜನಕವು ಒಳಗಿನಿಂದ ಹೊರಕ್ಕೆ ಮೆಲ್ಲಮೆಲ್ಲನೆ ರಬ್ಬರಿನ ಮೂಲಕ ಜಿನುಗುತ್ತ, ಉಕ್ಕಿನ ತಂತಿಯ ಪಟ್ಟಿಗಳನ್ನು ಒಂದಕ್ಕೊಂದು ಬೆಸೆದಿರುವ ರಬ್ಬರನ್ನು ಪೆಡಸು ಮಾಡುತ್ತದೆ. ಇಂತಹ ರಾಸಾಯನಿಕ ಕ್ರಿಯೆಗಳ ವೇಗ ಹತ್ತು ಡಿಗ್ರಿ ಕಾವು ಏರಿದಂತೆಲ್ಲ ಹೆಚ್ಚು ಕಡಿಮೆ ಇಮ್ಮಡಿಯಾಗುವುದೆಂಬುದು ಒಂದು ಸ್ಥೂಲವಾದ ಲೆಕ್ಕ. ಬಿಸಿಲಿಗೆ ಒಡ್ಡಿಕೊಂಡ ಕಪ್ಪು ಟೈರು ನೆರಳಿನ ಟೈರಿಗಿಂತ ಇಪ್ಪತ್ತು ಡಿಗ್ರಿ ಹೆಚ್ಚು ಕಾದರೆ, ಅಷ್ಟು ಹೊತ್ತು ಅದು ನಾಲ್ಕರಷ್ಟು ವೇಗದಲ್ಲಿ ಮುದಿಯಾಗುವುದು. ಹೊರಗೆ ಒಂದೂ ಬಿರುಕಿಲ್ಲದ ಟೈರು ಒಳಗೆ ಬೆಸುಗೆ ಬಿಟ್ಟಿರುವುದು ಸಾಧ್ಯ.

ಇದು ಬರಿಯ ತರ್ಕವಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತೆಯ ಸರ್ಕಾರಿ ಇಲಾಖೆಯು ಟೈರಿನ ಮುಪ್ಪನ್ನು ಅಭ್ಯಾಸ ಮಾಡಲು ಅರಿಜೋನದ ಫೀನಿಕ್ಸ್ ನಗರದಿಂದಲೇ ಹಳೆಯ ಟೈರುಗಳನ್ನು ಸಂಗ್ರಹಿಸಿತು. ಓಡದೆ ಸುಮ್ಮನಿದ್ದ ಹೆಚ್ಚುವರಿ ಟೈರುಗಳೂ ಕಾಲಕ್ರಮದಲ್ಲಿ ದುರ್ಬಲವಾಗುವುದು ಆಗ ತಿಳಿದುಬಂತು. ೨೦೦೨ರಿಂದ ೨೦೦೬ರವರೆಗಿನ ಒಂದು ವಿಮಾ ಲೆಕ್ಕವನ್ನೂ ಆ ಇಲಾಖೆ ಪ್ರಕಟಿಸಿತು. ಟೆಕ್ಸಸ್, ಕ್ಯಾಲಿಫೋರ್ನಿಯ, ಲೂಸಿಯಾನ, ಫ್ಲಾರಿಡ, ಅರಿಜೋನ ಎಂಬ ಐದು ಬಿಸಿಯ ಪ್ರಾಂತಗಳಲ್ಲಿ ವಿಮೆ ಪಡೆದವರು ನೂರಕ್ಕೆ ೨೭. ಟೈರಿನ ಸಂಬಂಧವಾಗಿ ಪರಿಹಾರ ಕೇಳಿದವುಗಳಲ್ಲಿ ಆ ಪ್ರಾಂತಗಳ ಪಾಲು ನೂರಕ್ಕೆ ೭೭. ಅವುಗಳಲ್ಲಿ ನೂರಕ್ಕೆ ೮೪ ಟೈರುಗಳು ಆರು ವರ್ಷ ದಾಟಿದವು.

ಈಗ ಮುಸುಕಿನ ಮಾತು. ದಪ್ಪ ಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ, ಬೆಳಕು ತೂರದ ಮುಸುಕು ಗಾಲಿಗೆ ಹೊದಿಸಿದರೆ ಅತಿನೇರಳೆ ಕಿರಣಗಳು ಪೂರ್ತಿ ನಿಲ್ಲುವುವು. ಗಾಳಿಯ ಓಡಾಟ ತಗ್ಗುವುದರಿಂದ ಟೈರನ್ನು ಮುಟ್ಟುವ ಓಜೋನೂ ಕೊಂಚ ತಗ್ಗೀತು, ನಿಲ್ಲದು. ಕಾವಿನ ಮಾತು ಮುಸುಕಿನ ಬಣ್ಣವನ್ನು ಅವಲಂಬಿಸಿದೆ. ಅಂಗಡಿಯಲ್ಲಿ ಕಪ್ಪು ಮುಸುಕೂ ದೊರೆಯುತ್ತದೆ. ಕೊಳೆ ಕಾಣುವುದಿಲ್ಲವೆಂದು ಅದನ್ನೇ ಕೊಳ್ಳುವವರಿದ್ದಾರೆ. ಕೊಳೆಯಾದರೂ ಚಿಂತೆಯಿಲ್ಲ, ಬಿಳಿಯದೇ ಬೇಕು. ಕೆಳಗಡೆ ತೆರೆದಿದ್ದರೆ ಒಳಗಿನ ಬಿಸಿಗಾಳಿಯೂ ತೇವವೂ ಹೊರಹೋಗುವುದು. ಇಡೀ ಟ್ರೈಲರಿಗೆ ಚಪ್ಪರವಿದ್ದರೆ ಇನ್ನೂ ಒಳ್ಳೆಯದು.

ಎಳೆತವನ್ನು ಮುಸುಕು ತಗ್ಗಿಸಲಾರದು. ಅದಕ್ಕೆ ಒಳಗಿನ ಸಾಮಾನನ್ನು ಇಳಿಸಬೇಕು. ತಯಾರಕರು ತೋರಿಸಿದ ಸ್ಥಳದಲ್ಲಿ ಆಧಾರ ಕೊಟ್ಟು ಗಾಲಿಗಳ ಮೇಲಿನ ಭಾರವನ್ನು ಕಳೆದರೆ ಉತ್ತಮ. ಅದಾಗದಿದ್ದಲ್ಲಿ ಗಾಳಿಯ ಒತ್ತಡ ಕುಗ್ಗದಂತೆ ನೋಡಿಕೊಳ್ಳುವುದು, ಎರಡು ಮೂರು ತಿಂಗಳಿಗೊಮ್ಮೆ ಟ್ರೈಲರನ್ನು ಕೊಂಚ ಮುಂದಕ್ಕೆಳೆದು ಉಬ್ಬಿನ ಸ್ಥಳವನ್ನು ಬದಲಿಸುವುದು. ಡಾಂಬರಿನ ಎಣ್ಣೆ ತಾಗದಂತೆ ಗಾಲಿಯ ಕೆಳಗೆ ಮರದ ಹಲಗೆಯಿರಲಿ. ಕಿಡಿ ಹಾರುವ ವಿದ್ಯುತ್ ಮೋಟಾರುಗಳೂ ಬೆಸುಗೆಯ ಯಂತ್ರಗಳೂ ಓಜೋನನ್ನು ಹುಟ್ಟಿಸುವುದರಿಂದ ಅವುಗಳ ನೆರೆ ಬೇಡ.

ಟೈರಿಗೆ ಕಪ್ಪು ಹೊಳಪು ಬರಿಸುವ ಬುಡ್ಡಿಗಳನ್ನು ಕುರಿತು ಒಂದು ಮಾತು ಹೇಳಲೇಬೇಕು. ಟೈರು ತಯಾರಿಸುವಾಗಲೇ ರಬ್ಬರಿಗೆ ಒಂದು ಬಗೆಯ ಮೇಣವನ್ನೂ ಓಜೋನನ್ನು ತಾನೇ ಮುಂದೆ ನಿಂತು ಎದುರಿಸುವ ಕೆಲವು ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಇವು ಕ್ರಮೇಣ ಮೇಲ್ಮೈಗೆ ಬಂದು ಕಾವಲು ನಿಲ್ಲುತ್ತವೆ. ಹಳೆಯ ಟೈರಿನ ಮೇಲೆ ಕಾಣುವ ಕಂದು ಛಾಯೆ ಆ ಕಾವಲುಗಾರರದೇ. ಪೆಟ್ರೋಲಿಯಂ ದ್ರಾವಕವುಳ್ಳ ಹೊಳಪನ್ನು ಬಳಿದರೆ, ಅಥವಾ ಬಿರುಸಾಗಿ ಉಜ್ಜಿ ತೊಳೆದರೆ, ಅವುಗಳನ್ನೇ ಕಿತ್ತೆಸೆದಂತಾಯಿತು. ಸಾಬೂನು ನೀರು, ಮೆದು ಬಟ್ಟೆ ಸಾಕು. ಈ ಕಾವಲು ದ್ರವ್ಯಗಳಲ್ಲಿ ಮುಖ್ಯವಾದ ೬ಪಿಪಿಡಿ ಎಂಬುದಕ್ಕೆ ಇನ್ನೊಂದು ಕಥೆಯೂ ಇದೆ. ಅದು ಓಜೋನಿನೊಡನೆ ಸೇರಿ ಉಂಟಾಗುವ ವಸ್ತುವು ಮಳೆನೀರಿನೊಡನೆ ಹಳ್ಳಗಳಿಗೆ ಹರಿದು, ವಾಷಿಂಗ್ಟನ್ ಪ್ರಾಂತದ ಕೋಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿರುವುದೆಂದು ೨೦೨೦ರಲ್ಲಿ ಪತ್ತೆಯಾಯಿತು. ಅದರ ಬದಲಿಗೆ ಬೇರೊಂದನ್ನು ಹುಡುಕುವ ಕೆಲಸ ಅಂದಿನಿಂದ ನಡೆದಿದೆ.

ಇಷ್ಟೆಲ್ಲ ಮಾಡಿದರೂ ಒಳಗಿನ ಮುಪ್ಪು ನಿಧಾನವಾಗುವುದೇ ಹೊರತು ನಿಲ್ಲುವುದಿಲ್ಲ. ಆದುದರಿಂದ ಗೀರಿನ ಆಳದ ಜೊತೆಗೆ ಟೈರಿನ ವಯಸ್ಸನ್ನೂ ನೋಡಬೇಕು. ಅಮೆರಿಕದಲ್ಲಿ ಮಾರುವ ಟೈರಿನ ಪಕ್ಕೆಯಲ್ಲಿ ಡಿಓಟಿ ಎಂಬ ಅಕ್ಷರಗಳಿಂದ ಮೊದಲಾಗುವ ಸಂಕೇತವೊಂದಿರುತ್ತದೆ. ೨೦೦೦ದಿಂದೀಚೆಗೆ ತಯಾರಾದವುಗಳಲ್ಲಿ ಅದರ ಕೊನೆಯ ನಾಲ್ಕು ಅಂಕಿಗಳೇ ಜನ್ಮಪತ್ರ: ೨೩೧೯ ಎಂದಿದ್ದರೆ ೨೦೧೯ರ ಇಪ್ಪತ್ತಮೂರನೆಯ ವಾರ. ಆದರೆ ಈ ಅಂಕಿಗಳನ್ನು ಅನೇಕ ವೇಳೆ ಒಂದು ಪಕ್ಕೆಯಲ್ಲಿ ಮಾತ್ರ ಒತ್ತಿರುತ್ತಾರೆ. ಆ ಪಕ್ಕೆ ಒಳಮುಖವಾಗಿದ್ದರೆ ಟಾರ್ಚು ಹಿಡಿದು ಟ್ರೈಲರಿನ ಕೆಳಗೆ ತೆವಳಿಯೇ ಓದಬೇಕು.