ವೈದ್ಯರು ಬಾಯಿ ಬಿಡಬೇಕಾದಾಗ

2019ರ ಮಾತು. ಹದಿನೇಳು ತುಂಬದ ಹುಡುಗಿಯನ್ನು ಆಕೆಯ ತಾಯಿ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಮುಟ್ಟು ನಿಂತು ಎರಡು ತಿಂಗಳು. ಮದುವೆಯಾಗಿ ಆರು ತಿಂಗಳು, ಗಂಡ ಸೋದರಮಾವ. ಗರ್ಭ ತೆಗೆಸಬೇಕೆಂಬುದು ಮಗಳ ಹಟ. 'ಯಾರಿಗೂ ಗೊತ್ತಾಗೋದು ಬೇಡ ಮೇಡಂ' ಎಂದರು ತಾಯಿ. ಪೊಲೀಸರಿಗೆ ತಿಳಿಸದೆ ವಿಧಿಯಿಲ್ಲವೆಂದು ನಾನು ವಿವರಿಸುತ್ತಿರುವಾಗಲೇ ಮಗಳ ಕೈ ಹಿಡಿದು ಎದ್ದು ಹೋದರು. ಸಂಜೆ ಠಾಣೆಗೆ ವರದಿ ಕಳುಹಿಸಿದೆ. ಚೀಟಿಯಲ್ಲಿ ಬರೆಸಿದ್ದ ಹೆಸರು, ಊರು ಎರಡೂ ಸುಳ್ಳಾಗಿದ್ದವು. ಆ ಹುಡುಗಿ ಮುಂದೆ ಯಾರ ಕೈಗೆ ಸಿಕ್ಕಳೋ.

ರೋಗಿಯ ಗುಟ್ಟು ಕಾಯುವುದು ವೈದ್ಯಧರ್ಮ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯೂ ಅದನ್ನೇ ವಿಧಿಸುತ್ತದೆ, ಕೆಲವು ವಿನಾಯಿತಿಗಳೊಂದಿಗೆ. ಆದರೆ ವಕೀಲರಿಗೆ ಕಕ್ಷಿದಾರನ ಮಾತನ್ನು ಕಾಯಲು 1872ರ ಸಾಕ್ಷ್ಯ ಅಧಿನಿಯಮದಲ್ಲಿಯೂ, ಅದರ ಸ್ಥಾನಕ್ಕೆ ಬಂದ 2023ರ ಕಾನೂನಿನಲ್ಲಿಯೂ ಇರುವ ರಕ್ಷಣೆ ನಮಗಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ಹದಿನೆಂಟರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಗಂಡನೆಂಬ ನೆಪವೂ ಉಳಿದಿಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿಯೇ ಆ ಬಾಗಿಲನ್ನು ಮುಚ್ಚಿತು.

ಈ ಕಲಮನ್ನೇ ಕಿತ್ತೊಗೆಯಬೇಕೆನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪಲಾರೆ. ಮನೆಯೊಳಗಿನವನೇ ಪೀಡಕನಾದಾಗ ನಮ್ಮ ಮೌನ ನೆರವಾಗುವುದು ಅವನಿಗೆ ಮಾತ್ರ. ಆದರೆ ವರದಿಯ ಭಯಕ್ಕೆ ಹುಡುಗಿ ನಾಟಿ ಔಷಧಿಯವರ ಮನೆ ಹುಡುಕಿಕೊಂಡು ಹೋದರೆ ಕಾನೂನು ಯಾರನ್ನು ಕಾಪಾಡಿದಂತಾಯಿತು?

ಈ ಇಕ್ಕಟ್ಟಿಗೆ 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಒಂದು ದಾರಿ ತೋರಿಸಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಆಕೆಯ ಪೋಷಕರೂ ಕೋರಿದರೆ, ವೈದ್ಯರು ವರದಿಯಲ್ಲಿ ಆಕೆಯ ಹೆಸರನ್ನಾಗಲಿ ಗುರುತನ್ನಾಗಲಿ ತಿಳಿಸಬೇಕಾಗಿಲ್ಲ. ಮುಂದಿನ ಮೊಕದ್ದಮೆಯಲ್ಲೂ ಹೇಳಬೇಕಾಗಿಲ್ಲ. ಅಪರಾಧ ದಾಖಲೆಗೆ ಬರುತ್ತದೆ, ಹುಡುಗಿ ಊರ ಬಾಯಿಗೆ ಬೀಳುವುದಿಲ್ಲ. ಹೆಸರಿಲ್ಲದ ದೂರಿನಿಂದ ಆರೋಪಿಯನ್ನು ಹಿಡಿಯುವುದು ಹೇಗೆಂಬ ಪೊಲೀಸರ ತಕರಾರಿನಲ್ಲಿ ಹುರುಳಿಲ್ಲವೆನ್ನಲಾರೆ. ಆದರೂ ಬಾಗಿಲವರೆಗೆ ಬಂದವಳನ್ನು ಹಿಂದಕ್ಕೆ ಕಳುಹಿಸುವುದಕ್ಕಿಂತ ಅದು ಎಷ್ಟೋ ಲೇಸು.

ತೀರ್ಪಿನ ಪ್ರತಿಯೊಂದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ. ವಯಸ್ಸು ಹೇಳಲು ತಡವರಿಸುವ ಹುಡುಗಿ ಎದುರು ಕುಳಿತರೆ, ಮುಂದಿನ ಪ್ರಶ್ನೆ ಕೇಳುವ ಮೊದಲು ಅದರಲ್ಲಿರುವುದನ್ನು ಅವಳಿಗೂ ಅವಳ ತಾಯಿಗೂ ಹೇಳುತ್ತೇನೆ.