ಕಾರ್ಡಿದ್ದರೆ ಎಲ್ಲ ಚಿಕಿತ್ಸೆಯೂ ಉಚಿತವೇ?

“ಆಯುಷ್ಮಾನ್ ಕಾರ್ಡ್ ಇದೆಯಲ್ಲ, ಐದು ಲಕ್ಷದವರೆಗೆ ಸರ್ಕಾರವೇ ಕಟ್ಟುತ್ತೆ” ಎಂಬ ಧೈರ್ಯದಲ್ಲಿ ರೋಗಿಯನ್ನು ನೇರ ದೊಡ್ಡ ಖಾಸಗಿ ಆಸ್ಪತ್ರೆಗೆ ಕರೆದೊಯ್ಯುವವರು ಬಹಳ. ಅಲ್ಲಿ ಮೊದಲು ಕೇಳುವುದು ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್. ಅದು ಕೈಯಲ್ಲಿಲ್ಲದಿದ್ದರೆ ಜಗಳ, ಅಳು, ಕೊನೆಗೆ ಸಾಲ.

ಕೇಂದ್ರದ ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ನಮ್ಮಲ್ಲಿ ಅದನ್ನು ರಾಜ್ಯದ ಆರೋಗ್ಯ ಕರ್ನಾಟಕದೊಂದಿಗೆ ಸೇರಿಸಿ ನಡೆಸಲಾಗುತ್ತಿದೆ. ಐದು ಲಕ್ಷವೆಂಬುದು ಬಿಪಿಎಲ್ ಕುಟುಂಬವೊಂದಕ್ಕೆ ವರ್ಷಕ್ಕಿರುವ ಮಿತಿ. ತಲೆಗೆ ಐದು ಲಕ್ಷವಲ್ಲ, ಖಾತೆಗೆ ಬೀಳುವ ಹಣವೂ ಅಲ್ಲ. ಎಪಿಎಲ್ ಕುಟುಂಬಗಳಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದಲೇ ಬರೆಸಿಕೊಂಡು ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಸ್ಥಿತಿಯಲ್ಲಿ ಈ ಪತ್ರ ಬೇಡ. ಗೊಂದಲವಿದ್ದರೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ.

ಅಪಘಾತವಾದಾಗಲೂ ಮುಂಗಡ ಕಟ್ಟದೆ ಒಳಗೆ ಬಿಡುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ತುರ್ತು ಚಿಕಿತ್ಸೆಗೆ ಮುಂಗಡಕ್ಕಾಗಿ ಹಟ ಹಿಡಿಯಬಾರದು, ಬಿಲ್ ಬಾಕಿಯೆಂದು ಶವ ತಡೆಹಿಡಿಯಬಾರದು ಎಂಬುದನ್ನು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಿದ್ದುಪಡಿಯ ಮೂಲಕ ಸೇರಿಸಿತು. ಖಾಸಗಿ ವೈದ್ಯರು ಆಗ ಮುಷ್ಕರ ಹೂಡಿದ್ದು ಹಲವರಿಗೆ ನೆನಪಿದೆ. ಕಾಯ್ದೆಯಿಂದ ತಮಗೆ ಸಿಕ್ಕ ಹಕ್ಕು ಮಾತ್ರ ಕೆಲವರಿಗಷ್ಟೇ ಗೊತ್ತು.

“ಖಾಸಗಿಯವರು ದುರಾಸೆಯಿಂದಲೇ ಕಾರ್ಡ್ ಒಪ್ಪುವುದಿಲ್ಲ” ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಸರ್ಕಾರ ಪ್ರತಿ ಚಿಕಿತ್ಸೆಗೂ ಒಂದು ದರ ಗೊತ್ತುಮಾಡುತ್ತದೆ. ದರ ಖರ್ಚಿಗೆ ಸಾಲದಿದ್ದರೆ ಅಥವಾ ಹಣ ತಿಂಗಳುಗಟ್ಟಲೆ ಬಾರದಿದ್ದರೆ “ಬೆಡ್ ಖಾಲಿಯಿಲ್ಲ” ಎಂಬ ಉತ್ತರ ಸಿದ್ಧವಾಗುತ್ತದೆ. ದರ ಲಾಭದಾಯಕವಾಗಿದ್ದರೆ ಅಪಾಯ ಬೇರೆ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಹಿಂದಿನ ವಿಮಾ ಯೋಜನೆಯ ಹಣಕ್ಕಾಗಿ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಆರೋಪ ಸುಪ್ರೀಂ ಕೋರ್ಟ್ ತನಕ ಹೋಯಿತು. ಇದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಕೋರ್ಟ್ 2023ರಲ್ಲಿ ಆದೇಶಿಸಿತು. ಕಲಬುರಗಿಯ ತಾಂಡಾಗಳ ಹೆಂಗಸರೂ ಇದೇ ನೋವು ಹೇಳಿಕೊಂಡು ಬೀದಿಗಿಳಿದವರು. ರೋಗಿಗೆ ಬೇಕಾದದ್ದನ್ನು ಮಾತ್ರ ಮಾಡಿದರೇ ಎಂದು ನೋಡುವವರಿಲ್ಲದ ಕಡೆ ಸರ್ಕಾರ ಎಷ್ಟು ಸುರಿದರೂ ಜನರಿಗೆ ರಕ್ಷಣೆಯಿಲ್ಲ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ, ಮನೆ ಮುಳುಗಿಸುವುದು ದೊಡ್ಡ ಆಪರೇಷನ್ ಎಂಬುದು. ಆಪರೇಷನ್ ಮುಳುಗಿಸುತ್ತದೆ, ನಿಜ. ಆದರೆ ಶುಗರ್, ಬಿಪಿ ಇರುವ ಕೂಲಿಕಾರನ ಮನೆಯ ಲೆಕ್ಕ ನೋಡಿ: ತಿಂಗಳ ಮಾತ್ರೆ, ಆಗಾಗ ರಕ್ತಪರೀಕ್ಷೆ, ತಾಲ್ಲೂಕು ಕೇಂದ್ರಕ್ಕೆ ಬಸ್ ಚಾರ್ಜು, ಅಂದಿನ ಕೂಲಿ ಖೋತಾ. ಇದಾವುದಕ್ಕೂ ಕಾರ್ಡ್ ಬರುವುದಿಲ್ಲ. ಕೇಂದ್ರದ ಯೋಜನೆ ಇರುವುದು ಒಳರೋಗಿಗಳಿಗೆ. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಖರ್ಚು ಅದರಲ್ಲಿ ಸೇರುತ್ತದೆ, ಅಷ್ಟೇ. 2024ರಲ್ಲಿ 70 ದಾಟಿದವರಿಗೆ ಆದಾಯ ನೋಡದೆ ಯೋಜನೆಯನ್ನು ವಿಸ್ತರಿಸಿದರೂ ಈ ನಿಯಮ ಬದಲಾಗಲಿಲ್ಲ. ದಿನಕ್ಕೆ ನಾಲ್ಕೈದು ಮಾತ್ರೆ ನುಂಗುವ ವಯಸ್ಸು ಅದು.

ಸರ್ಕಾರದ ಲೆಕ್ಕದ ಪ್ರಕಾರವೇ 2021–22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನ ತಮ್ಮ ಜೇಬಿನಿಂದ ತೆತ್ತರು. 2013–14ರಲ್ಲಿ ಇದು ಶೇ 64.2 ಇತ್ತು. ಈ ಇಳಿಕೆ ದೊಡ್ಡದು, ಮೆಚ್ಚಬೇಕಾದದ್ದೇ. ಆದರೆ 2021–22ರಲ್ಲಿ ಸರ್ಕಾರಗಳು ಆರೋಗ್ಯಕ್ಕೆ ಕೊಟ್ಟದ್ದು ಜಿಡಿಪಿಯ ಶೇ 1.84. 2025ರ ವೇಳೆಗೆ ಶೇ 2.5 ಮುಟ್ಟಬೇಕೆಂದು 2017ರ ಆರೋಗ್ಯ ನೀತಿ ಹೇಳಿತ್ತು. ಹೆಚ್ಚುವರಿ ಹಣ ಬಂದರೆ ಮೊದಲು ಹೋಗಬೇಕಾದದ್ದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಶುಗರ್, ಬಿಪಿ ಮಾತ್ರೆಯನ್ನು ಅಲ್ಲಿ ಉಚಿತವಾಗಿಯೇ ಕೊಡಬೇಕು. “ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ” ಎಂದು ಚೀಟಿ ಬರೆದಾಗ ಕೂಲಿಯವನು ಮಾತ್ರೆ ಬಿಡುತ್ತಾನೆ. ಕೆಲವು ವರ್ಷಗಳಲ್ಲಿ ಅವನ ಕಿಡ್ನಿ ಸೋತು ಡಯಾಲಿಸಿಸ್‌ಗೆ ಬರುತ್ತಾನೆ. ಕಾರ್ಡ್ ಆಗ ಕೆಲಸಕ್ಕೆ ಬರುತ್ತದೆ.